ಬಚ್ಚಲಮನೆ ಎಡಕ್ಕೆ

ಕಲಾ ಕಾಲೇಜಿನ ಕ್ಯಾಲಿಗ್ರಫಿ ಪೇಪರಿನಲ್ಲಿ ನಾನು ಒಂದು ಸಲ ಫೇಲಾಗಿದ್ದೆ. ಅಕ್ಷರ ಬರೆಯುವ ಪರೀಕ್ಷೆಯಲ್ಲಿ ಫೇಲಾಗುವುದು ಹೇಗೆ ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗಲಿಲ್ಲ. "ಐದು ವರ್ಷಕ್ಕೇ ಅಕ್ಕಿ ಮೇಲೆ ಬರೆದಿದ್ದೆಯಲ್ಲೇ, ಅಬ್ ಕ್ಯಾ ಹುವಾ?" ಎಂದರು ಅಪ್ಪ, ಈಗೇನಾಯಿತು ಅಂತ. ತಮಾಷೆಗೆ ಕೇಳಿದ್ದಲ್ಲ. ಈ ಸಲವೂ ಹೀಗೇ ಆದರೆ ಕಾಲೇಜು ಸಾಕು, ಮನೆಯಲ್ಲೇ ಬೇಕಾದಷ್ಟು ಕೆಲಸವಿದೆ ಎಂದೂ ಸೇರಿಸಿದರು. ಅಪ್ಪ ಗದರಿಸಿ ಆಮೇಲೆ ಮರೆಯುವ ಜಾತಿಯವರಲ್ಲ.

ಆಗಷ್ಟೇ ತೊಂಬತ್ತರ ದಶಕ ಶುರುವಾಗಿತ್ತು. ನಮ್ಮ ಮನೆ ಕಾಶಿಯ ಬಂಗಾಲಿ ಟೋಲಾದ ಒಂದು ಗಲ್ಲಿಯಲ್ಲಿತ್ತು. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಅಪ್ಪ ಘಾಟಿನಲ್ಲಿ ಶ್ರಾದ್ಧ, ಗಂಗಾಪೂಜೆ ಮಾಡಿಸುತ್ತಿದ್ದರು. ಬಂದವರು ನಮ್ಮ ಮಹಡಿಯ ಕೋಣೆಗಳಲ್ಲೇ ಉಳಿಯುತ್ತಿದ್ದರು, ಅಮ್ಮ ಅಡುಗೆ ಮಾಡಿ ಬಡಿಸುತ್ತಿದ್ದಳು. ಮನೆಯೋ, ಕಟ್ಟಿಸಿದವನಿಗೂ ದಾರಿ ತಪ್ಪಿರಬೇಕು. ಬಾಗಿಲು ದಾಟಿದರೆ ಕತ್ತಲು, ಕತ್ತಲು ದಾಟಿದರೆ ಅಂಗಳ, ಅಂಗಳದ ಮೂಲೆಯಲ್ಲಿ ಮೆಟ್ಟಿಲು, ಮೆಟ್ಟಿಲ ಹಿಂದೆ ಅಡಗಿಕೊಂಡ ಬಚ್ಚಲಮನೆ. ಹೊಸಬರಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹಾಗಾಗಿ ಬೆಳಕು ಹರಿಯುವ ಮೊದಲೇ ಪ್ರಶ್ನೆಗಳು ಶುರುವಾಗುತ್ತಿದ್ದವು.

"ಬಚ್ಚಲಾ ಎಲ್ಲೈತ್ರೀ ಅಕ್ಕಾರ?"

"ಕೇದಾರ ಘಾಟಿಗೆ ಯಾವ ಕಡೆಯಿಂದ ಇಳೀಬೇಕಮ್ಮಾ?"

"ಚಪ್ಪಲಿ ಇಲ್ಲೇ ಬಿಟ್ರೆ ಕೋತಿ ಹೊತ್ಕೊಂಡು ಹೋಗಲ್ವಾ?"

ಅಮ್ಮ ಅಡುಗೆಮನೆಯಿಂದಲೇ ಕೂಗಿ ಉತ್ತರ ಹೇಳುತ್ತಿದ್ದಳು. ಕೇಳಿದವರು ಅಷ್ಟಕ್ಕೆ ಬಿಡದೆ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದರು. ಅಮ್ಮ ಒಗ್ಗರಣೆಯ ನಡುವೆ ಹೊರಗೆ ಬರಲಾಗದಿದ್ದರೆ, ತಂಗಿ ಇನ್ನೂ ಚಿಕ್ಕವಳಾದ್ದರಿಂದ, ನನಗೆ ಕರೆ ಬರುತ್ತಿತ್ತು. ನಾನು 'ಬರು' ಎಂಬ ಬಿದಿರಿನ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಉಸಿರು ಹಿಡಿದು, ಒಂದು ದುಂಡನೆಯ ಗೆರೆಯನ್ನು ಅರ್ಧ ಎಳೆದಿರುವಾಗಲೇ ಯಾರಿಗೋ ಬಚ್ಚಲಮನೆ ಬೇಕಾಗುತ್ತಿತ್ತು. ಎದ್ದು ತೋರಿಸಿ ಬರುವಷ್ಟರಲ್ಲಿ ಲೇಖನಿಯ ತುದಿಯ ಮಸಿ ಒಣಗಿರುತ್ತಿತ್ತು. ಆ ದಿನಗಳಲ್ಲಿ ನಾನು ಹರಿದು ಹಾಕಿದ ಕಾಗದದಿಂದ ಒಲೆ ಹೊತ್ತಿಸಬಹುದಿತ್ತು, ಅಮ್ಮ ಹೊತ್ತಿಸುತ್ತಲೂ ಇದ್ದಳು.

ಕಾಲೇಜಿನಲ್ಲಿ ಇನ್ನೊಂದು ಕಾಟ. ನಮ್ಮ ಮೇಷ್ಟರಿಗೆ ಏನು ತೋರಿಸಿದರೂ ಹಿಡಿಸುತ್ತಿರಲಿಲ್ಲ. ಓಂಕಾರದೊಳಗೆ ದೀಪದ ಸಾಲು ಬರೆದುಕೊಂಡು ಹೋದೆ. "ಇಸ್ಮೇ ಸಾನ್ಸ್ ಕಹಾಂ ಹೈ?" ಎಂದರು, ಇದಕ್ಕೆ ಉಸಿರಾಡಲು ಜಾಗವೆಲ್ಲಿ ಅಂತ. ಕ್ಯಾಲೆಂಡರ್ ಮಾಡಿದೆ, ಅಂಗಡಿಯಲ್ಲಿ ಇಂಥವು ಬೇಕಾದಷ್ಟಿವೆ ಎಂದರು. ಶ್ಲೋಕವನ್ನು ನವಿಲಿನ ಆಕಾರಕ್ಕೆ ಬಗ್ಗಿಸಿದೆ. ನವಿಲನ್ನು ನೋಡಿ ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಕಪ್ಪುಹಲಗೆಯ ಮೇಲೆ ಮತ್ತೆ ಅದೇ ಪಾಠ: ಮೊದಲು ಏನು ಕಾಣಬೇಕು, ಆಮೇಲೆ ಏನು, ಯಾವುದು ದಪ್ಪ, ಯಾವುದು ಸಣ್ಣ, ಎಲ್ಲಿ ಖಾಲಿ ಬಿಡಬೇಕು. ಚಂದ ಮಾಡಲು ಹೊರಡಬೇಡ, ಯಾರಿಗೆ ಏನು ಬೇಕಾಗಿದೆ ಅಂತ ಮೊದಲು ನೋಡು, ಐಡಿಯಾ ಅಲ್ಲಿಂದ ಬರುತ್ತದೆ ಎಂದರು. ಈ ಸಲ ಪರೀಕ್ಷೆಗೆ ಮಾಡಿದ ಕೆಲಸವನ್ನು ಕಾಲೇಜಿನ ಗೋಡೆಯಲ್ಲಲ್ಲ, ಅದು ಬಳಕೆಯಾಗುವ ಜಾಗದಲ್ಲೇ ಬಂದು ನೋಡುತ್ತೇವೆ ಎಂದೂ ಹೇಳಿದರು.

ಯಾರಿಗೆ ಏನು ಬೇಕಾಗಿದೆಯಂತೆ! ನಮ್ಮ ಮನೆಯಲ್ಲಿ ಎಲ್ಲರಿಗೂ ಬೇಕಾಗಿದ್ದು ಬಚ್ಚಲಮನೆ. ಸಿಟ್ಟಿನಲ್ಲಿ ಹಾಗೆಂದುಕೊಂಡು ಶಿವಾಲ ಘಾಟಿನ ಹತ್ತಿರ ರಿಕ್ಷಾ ಇಳಿದವಳಿಗೆ ಅಲ್ಲೇ ಹೊಳೆಯಿತು. ಮನೆಗೆಲ್ಲ ಕನ್ನಡದ ಫಲಕಗಳನ್ನು ಬರೆದು ಹಾಕಿದರೆ? ಬಂದವರು ಓದಿಕೊಂಡು ಹೋಗುತ್ತಾರೆ. ಅಮ್ಮನ ಗಂಟಲು ಉಳಿಯುತ್ತದೆ, ನನ್ನ ಕಾಗದ ಉಳಿಯುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ.

ಹೇಳಿದಷ್ಟು ಸುಲಭವಿರಲಿಲ್ಲ. ಕಾಶಿಯಲ್ಲಿ ಸಿಗುವ ಬರುವಿನ ತುದಿಯನ್ನು ನಾಗರಿ ಲಿಪಿಗೆ ಹೊಂದುವ ಓರೆಯಲ್ಲಿ ಕತ್ತರಿಸಿರುತ್ತಾರೆ. ಅದರಲ್ಲಿ ಕನ್ನಡ ಬರೆದರೆ ದಪ್ಪ ಬರಬೇಕಾದಲ್ಲಿ ಸಣ್ಣ, ಸಣ್ಣ ಬರಬೇಕಾದಲ್ಲಿ ದಪ್ಪ. ಬ್ಲೇಡು ಹಿಡಿದು ಓರೆಯನ್ನು ನಾನೇ ತಿದ್ದಿಕೊಂಡೆ, ಬೆರಳನ್ನೂ ಕುಯ್ದುಕೊಂಡೆ. ಹಿಂದಿಯ ಅಕ್ಷರಗಳು ಮೇಲಿನ ಗೆರೆಗೆ ಸಾಲಾಗಿ ನೇತುಬಿದ್ದು ಸುಮ್ಮನಿರುತ್ತವೆ. ನಮ್ಮವು ಹಾಗಲ್ಲ, 'ಬಚ್ಚಲ' ಎಂದು ಬರೆದರೆ ಒತ್ತು ಕೆಳಗಿಳಿದು ಮುಂದಿನ ಸಾಲಿನ ತಲೆಗೆ ಕಾಲು ಕೊಡುತ್ತದೆ. ಅದಕ್ಕೇ ಒಂದು ಫಲಕಕ್ಕೆ ಒಂದೇ ಸಾಲು ಎಂದು ತೀರ್ಮಾನಿಸಿದೆ. ಬಿಳಿ ಹಲಗೆ, ಕಪ್ಪು ಅಕ್ಷರ, ದಿಕ್ಕು ಹೇಳುವ ಮಾತು ಮಾತ್ರ ಕೆಂಪು. ಉಳಿದದ್ದೆಲ್ಲ ಖಾಲಿ. 'ಬಚ್ಚಲಮನೆ ಎಡಕ್ಕೆ.' 'ಊಟ ಮಹಡಿಯ ಕೆಳಗೆ.' 'ಗಂಗೆಗೆ ಈ ಬಾಗಿಲು.'

ಆ ಖಾಲಿ ಜಾಗ ನಮ್ಮ ಮನೆಯವರ ಕಣ್ಣು ಕುಕ್ಕಿತು. ಅಪ್ಪ ಮೇಲೊಂದು ಶ್ರೀಕಾರ, ಪಕ್ಕಕ್ಕೊಂದು ಗಣಪತಿ, ಕೆಳಗೆ ಮಾಡಿಸಲಾಗುವ ಕರ್ಮಗಳ ವಿವರ ಬೇಕೆಂದರು. "ಬಚ್ಚಲಮನೆ ಬೋರ್ಡಿನ ಮೇಲೆ ಗಣಪತಿಯಾ?" ಎಂದು ನಾನು ಕೇಳಿದ ಮೇಲೆ ಆ ಪಟ್ಟಿಯನ್ನೇ ಕೈಬಿಟ್ಟರು. ಅಮ್ಮ ಮಾತ್ರ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಬಣ್ಣ ಮುಗೀತೇನೇ?" ಎಂದಳು.

ಮೊಳೆ ಹೊಡೆದು ಎಲ್ಲವನ್ನೂ ಹಾಕಿದೆ. ಮರುದಿನವೇ ಒಂದು ಬಸ್ಸಿನ ಜನ ಬಂದರು. ಬಾಗಿಲಲ್ಲಿ ನಿಂತು ತಲೆಯೆತ್ತಿದರು, ಓದಿದರು, ಎಡಕ್ಕೆ ತಿರುಗಿದರು. ಅಷ್ಟೇ! ಒಬ್ಬರೂ ಕೂಗಲಿಲ್ಲ. ನಾನು ಮಹಡಿಯಲ್ಲಿ ಕೂತು ಒಂದು ಹಾಳೆಯನ್ನು ಮೊದಲಿನಿಂದ ಕೊನೆಯವರೆಗೆ ಎದ್ದೇಳದೆ ಬರೆದು ಮುಗಿಸಿದೆ. ಖುಷಿಯಿಂದ ಕುಣಿಯುವುದೊಂದು ಬಾಕಿ.

ಆ ಖುಷಿ ಹೆಚ್ಚು ಕಾಲ ಉಳಿಯಲಿಲ್ಲ. ಒಂದು ಬೆಳಿಗ್ಗೆ ಕೆಳಗಿಳಿದರೆ 'ಬಚ್ಚಲಮನೆ ಎಡಕ್ಕೆ' ಇರಬೇಕಾದಲ್ಲಿ ಅಮ್ಮನ ಒದ್ದೆ ಸೀರೆ. ನನ್ನ ಮೊಳೆಗೇ ಹಗ್ಗ ಕಟ್ಟಿ ಹರವಿದ್ದಳು. ತೆಗೆದೆ. ಮಾರನೆಯ ದಿನ 'ಊಟ'ದ ಮೇಲೆ ಪಂಚೆ. ಅದನ್ನೂ ತೆಗೆದೆ. ಸಂಜೆಗೆ ಗಂಗೆಗೆ ಹೋಗುವ ಬಾಗಿಲ ಫಲಕದ ಮೇಲೆ ಹೊದಿಕೆ.

"ಮಾಳಿಗೆ ಮೇಲೆ ಹಾಕಬಾರ್ದಾ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಅಲ್ಲಿ ಬಂದರ್ ಕಾಟ ಕಣೇ. ಮೊನ್ನೆ ರವಿಕೆ ಹರ್ದು ಹಾಕಿಲ್ವಾ?" ಎಂದಳು.

ಕೋತಿಗಳು ನಾನು ಹುಟ್ಟಿದಾಗಿನಿಂದ ಅಲ್ಲೇ ಇದ್ದವು, ಸೀರೆಗಳೂ ಅಲ್ಲೇ ಒಣಗುತ್ತಿದ್ದವು. ನಾನು ಹಗ್ಗ ಬಿಚ್ಚುವುದು, ಅವಳು ಕಟ್ಟುವುದು, ಇದೇ ಆಯಿತು. ಒದ್ದೆ ಬಟ್ಟೆಯ ನೀರು ಇಳಿದು ಒಂದು ಹಲಗೆಯ ಕೆಂಪು ಕದಡಿತು. ಅದನ್ನು ಮತ್ತೆ ಬರೆದೆ. ಜಗಳವಾಡಿದರೆ ಅಮ್ಮ ಹೂಂ ಎನ್ನುತ್ತಿದ್ದಳು, ಬೆಳಗಾದರೆ ಮತ್ತೆ ಸೀರೆ. ನನಗೆ ತಲೆ ಚಿಟ್ಟುಹಿಡಿದು ಹೋಯಿತು. ಈ ಹೆಂಗಸಿಗೆ ನಾನು ಪಾಸಾಗುವುದೇ ಬೇಡವೇನೋ ಎಂದು ಅಳುವೂ ಬಂತು.

ಪರೀಕ್ಷೆಯ ದಿನ ಮೇಷ್ಟರು ಹೊರಗಿನ ಪರೀಕ್ಷಕರೊಬ್ಬರನ್ನು ಕರೆದುಕೊಂಡು ಗಲ್ಲಿಯೊಳಗೆ ಬಂದರು. ಬಾಗಿಲಿಗೆ ಓಡಿದೆ. ಹಿಂತಿರುಗಿ ನೋಡಿದರೆ ಅಂಗಳದ ತುಂಬ ಬಟ್ಟೆ. ಒಂದು ಫಲಕವೂ ಕಾಣುತ್ತಿರಲಿಲ್ಲ. ಬಂದವರಿಗೆ ನಮಸ್ಕಾರವನ್ನೂ ಮಾಡದೆ ಹಗ್ಗ ಕಿತ್ತೆ, ಸೀರೆಗಳನ್ನೆಲ್ಲ ಬಾಚಿ ಮೂಲೆಗೆ ಎಸೆದೆ. ಪರೀಕ್ಷಕರು ಒದ್ದೆ ಪಂಚೆಯೊಂದನ್ನು ದಾಟಿಕೊಂಡು ಒಳಗೆ ಬಂದರು.

ಅದೇ ಹೊತ್ತಿಗೆ ದಾವಣಗೆರೆ ಕಡೆಯ ಒಂದು ಗುಂಪು ಗಂಟುಮೂಟೆ ಹೊತ್ತು ಬಂದಿಳಿಯಿತು. ಯಾರಿಗೂ ಮನೆಯ ಪರಿಚಯವಿರಲಿಲ್ಲ. ಮುಂದಿದ್ದ ಅಜ್ಜ ಫಲಕವನ್ನು ತುಟಿಯಾಡಿಸುತ್ತ ಓದಿ, ಕೈಯಿಂದ ಹಿಂದಿನವರಿಗೆ ಸನ್ನೆ ಮಾಡಿದ. ಒಬ್ಬೊಬ್ಬರೇ ಸರಿಯಾದ ಕಡೆ ತಿರುಗಿದರು. ಕೈಕಾಲು ತೊಳೆದು ಬಂದು ಇನ್ನೊಂದು ಫಲಕ ಓದಿ ಊಟದ ಕಡೆ ನಡೆದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡುತ್ತಿದ್ದಳು.

ಪರೀಕ್ಷಕರಿಗೆ ಕನ್ನಡದ ಒಂದಕ್ಷರವೂ ಬಾರದು. "ಕಿಸೀ ಕೋ ಕುಛ್ ಪೂಛ್‌ನಾ ನಹೀ ಪಡಾ," ಎಂದು ಮೇಷ್ಟರಿಗೆ ಹೇಳಿದರು. ಯಾರೂ ಏನೂ ಕೇಳಬೇಕಾಗಲಿಲ್ಲ, ಇದಕ್ಕಿಂತ ದೊಡ್ಡ ಪರೀಕ್ಷೆ ಇನ್ನೇನಿದೆ ಎಂದು. ಹೊರಡುವಾಗ ಮೇಷ್ಟರು ಹೊಸ್ತಿಲಲ್ಲಿ ನಿಂತು, ಪಾಸು, ಒಳ್ಳೆಯ ಅಂಕಗಳಲ್ಲೇ ಪಾಸು, ಮುಂದಿನ ವರ್ಷಕ್ಕೆ ತಯಾರಾಗು ಎಂದರು. ಆ ನವಿಲನ್ನು ಮಾತ್ರ ಇನ್ನೆಂದೂ ಬರೆಯಬೇಡ ಎಂದು ಸೇರಿಸುವುದನ್ನು ಮರೆಯಲಿಲ್ಲ.

ಅವರು ಗಲ್ಲಿ ತಿರುಗುವವರೆಗೆ ತಡೆದುಕೊಂಡೆ. ಆಮೇಲೆ ಅಮ್ಮನ ಮೇಲೆ ಹಾರಿದೆ. ಇಷ್ಟು ದಿನದ್ದೆಲ್ಲ ಒಟ್ಟಿಗೆ ಬಂತು. ನನ್ನ ಓದು ಹಾಳಾಗಲಿ ಅಂತಲೇ ಮಾಡಿದೆಯಲ್ಲ, ಇವತ್ತೊಂದು ದಿನವಾದರೂ ಬಿಡಬಾರದಿತ್ತಾ, ನಿನ್ನ ಗಂಟಲು ಉಳಿಯಲಿ ಅಂತ ತಾನೇ ನಾನು ಇಷ್ಟೆಲ್ಲ ಬರೆದದ್ದು ಎಂದು ಅಂಗಳದ ನಡುವೆ ನಿಂತು ಕಿರುಚಿದೆ. ಅಮ್ಮ ನೆಲದಿಂದ ಸೀರೆಯನ್ನು ಎತ್ತಿ, ಮಣ್ಣು ಕೊಡವಿ, ಮಡಚತೊಡಗಿದಳು.

"ನನ್ನ ಗಂಟಲಿಗೇನಾಗಿತ್ತು?" ಎಂದಳು. "ಬಚ್ಚಲಮನೆ ಕೇಳೋಕೆ ಬಂದೋರು ಹಾಗೇ ನಿಂತು ಊರಿನ ಮಳೆ ಬೆಳೆ, ಮಗಳ ಬಾಣಂತನ, ಎಲ್ಲಾ ಹೇಳಿ ಹೋಗ್ತಿದ್ರು. ನಾನೂ ನಾಕು ಮಾತು ಆಡ್ತಿದ್ದೆ. ನೀನು ಇವನ್ನ ಹಾಕಿದ ಮೇಲೆ ಒಬ್ಬರೂ ಅಡುಗೆಮನೆ ಕಡೆ ಬರ್ಲಿಲ್ಲ. ಓದ್ಕೋತಾರೆ, ಉಣ್ತಾರೆ, ಹೋಗ್ತಾರೆ."

"ತೋ ಪಹಲೇ ಕ್ಯೋಂ ನಹೀ ಬೋಲೀ?" ಮೊದಲೇ ಯಾಕೆ ಹೇಳಲಿಲ್ಲ ಎಂದು ಮತ್ತೆ ಕೂಗಿದೆ.

ಅಮ್ಮ ಮಡಚುವುದನ್ನು ನಿಲ್ಲಿಸಿದಳು.

"ಬೈಯೋದಾದ್ರೆ ಬೈ. ಬೈಯೋದಾದ್ರೂ ಕನ್ನಡದಲ್ಲಿ ಬೈಯೇ."

ಆಗ ಗೊತ್ತಾಯಿತು, ಅಷ್ಟು ಹೊತ್ತೂ ನಾನು ಕಿರುಚಿದ್ದೆಲ್ಲ ಹಿಂದಿಯಲ್ಲಿ. ನಾನು, ತಂಗಿ, ಅಪ್ಪ, ಮೂವರೂ ಮನೆಯೊಳಗೆ ಆಡುತ್ತಿದ್ದ ಭಾಷೆ ಅದೇ. ಅಮ್ಮನ ಜೊತೆಯೂ ಊಟ ತಿಂಡಿಯ ಮಾತು ಮುಗಿದ ಮೇಲೆ ಅದೇ. ಮದುವೆಯಾಗಿ ಕರ್ನಾಟಕದಿಂದ ಬಂದಾಗಿನಿಂದ ಅವಳು ಈ ಮನೆಯಲ್ಲಿ ಯಾರ ಜೊತೆ ಮಾತಾಡಿಕೊಂಡಿದ್ದಳು ಎಂದು ನಾನು ಕೇಳಿಕೊಂಡೇ ಇರಲಿಲ್ಲ.

ಸಿಟ್ಟು ಇನ್ನೂ ಇಳಿದಿರಲಿಲ್ಲ, ಬೈಯಬೇಕೆಂದೇ ಬಾಯಿ ತೆರೆದೆ. "ಅಮ್ಮಾ, ನೀನು..." ಎಂದೆ. ಅದರ ಮುಂದಿನ ಮಾತು ಕನ್ನಡದಲ್ಲಿ ಬರಲಿಲ್ಲ. ಇನ್ನೊಮ್ಮೆ "ನೀನು" ಎಂದೆ. ಅರ್ಧ ಮಡಚಿದ ಸೀರೆಯನ್ನು ಎದೆಗಾನಿಸಿಕೊಂಡು ಅಮ್ಮ ನನ್ನ ಮುಖವನ್ನೇ ನೋಡುತ್ತ ಕಾಯುತ್ತಿದ್ದಳು.