ತಮ್ಮನ ಗಂಟಲ ಕೋಶಗಳು

ಅಕ್ಕ ಏನು ಕೆಲಸ ಮಾಡುತ್ತಾಳೆಂದು ಯಾರಾದರೂ ಕೇಳಿದರೆ ತಮ್ಮ ಹೇಳುತ್ತಿದ್ದುದು ಒಂದೇ ಮಾತು: "ನಮ್ಮಕ್ಕನಾ? ಗಾಳಿ ಕದಿಯೋ ಕೆಲಸ."

ಅದು ತೀರಾ ಸುಳ್ಳೇನಲ್ಲ. ಕ್ಯಾನ್ಸರ್ ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ, ಎರಡನೇ ಮಹಡಿಯ ಮೂಲೆಯಲ್ಲಿ ಅಕ್ಕನ ಪ್ರಯೋಗಾಲಯ. ಅಲ್ಲಿ ಮೀನಿನ ತೊಟ್ಟಿಯಂಥ ಒಂದು ಪೆಟ್ಟಿಗೆ. ಅದರ ಮುಖಕ್ಕೆ ಎರಡು ತೂತು, ತೂತುಗಳಿಗೆ ಮೊಣಕೈ ಮುಚ್ಚುವ ರಬ್ಬರ್ ಗವಸು. ಪೆಟ್ಟಿಗೆಯೊಳಗೆ ಆಮ್ಲಜನಕ ಇದ್ದೂ ಇಲ್ಲದ ಹಾಗೆ. ಗಡ್ಡೆಯ ಹೊಟ್ಟೆಯೊಳಗೆ ಹೇಗಿರುತ್ತದೋ ಹಾಗೇ. ಅಂಥ ಕಡೆ ಕ್ಯಾನ್ಸರ್ ಕೋಶಗಳನ್ನು ಇಟ್ಟು, ಅವು ಏನು ಮಾಡುತ್ತವೆ, ಹೇಗೆ ಬದುಕುತ್ತವೆ, ಯಾವ ಕಡೆ ಹೊರಡುತ್ತವೆ ಎಂದು ನೋಡುವುದು ಅವಳ ಕೆಲಸ. ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ಆ ಗವಸುಗಳಲ್ಲಿ ಕೈ ತೂರಿಸಿಕೊಂಡೇ ಅವಳ ಕೂದಲು ನೆರೆತಿತ್ತು. ಅಲ್ಲಿ ಕಲಿಯಲು ಬಂದವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ತಮ್ಮ ಸಿಟಿ ಬಸ್ಸಿನ ಕಂಡಕ್ಟರು. ಅವನು ಮುಂದಿನ ಬಾಗಿಲಲ್ಲಿ ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವನು ಎದ್ದು ಚಿಲ್ಲರೆ ಹುಡುಕಬೇಕು, ಅಂಥ ಗಂಟಲು. ಆ ಗಂಟಲು ಒಡೆದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಕಂಡಕ್ಟರ್ ಗಂಟಲು ಕಟ್ಟದೆ ಇನ್ನೇನು ಗಿಣಿ ಗಂಟಲು ಕಟ್ಟುತ್ತಾ?" ಎಂದು ಅವನೇ ನಕ್ಕ. ಬಿಸಿನೀರು, ಜೇನುತುಪ್ಪ, ಯಾರೋ ಹೇಳಿದ ಮಾತ್ರೆ ಎಲ್ಲ ಆಯಿತು. ಗಡ್ಡ ಬೋಳಿಸುವಾಗ ಕತ್ತಿನ ಪಕ್ಕದಲ್ಲಿ ಗಂಟು ಕೈಗೆ ಸಿಕ್ಕಿದ ಮೇಲೆ ಅಕ್ಕನಿಗೆ ಫೋನ್ ಮಾಡಿದ. ಅವಳು ಅವನ ಮನೆಗೆ ಹೋಗಿ, ಆ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿ, ಚಪ್ಪಲಿ ಹಾಕಿಕೊಂಡಳು. "ನಡಿ, ಈಗಲೇ ಹೋಗೋಣ."

ಪರೀಕ್ಷೆಯ ಫಲ ಬಂದ ದಿನ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ತಮ್ಮನ ಹೆಂಡತಿ ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು.

"ನಿನ್ನ ಪೆಟ್ಟಿಗೇಲಿ ಇಟ್ಟು ನೋಡ್ತೀಯಲ್ಲ, ಅದೇನಾ ನನಗೆ ಬಂದಿರೋದು?" ಎಂದ ತಮ್ಮ.

"ಅದೇ ಜಾತಿ."

"ನನಗೆ ಅರ್ಥ ಆಗೋ ಹಾಗೆ ಹೇಳು ನೋಡೋಣ. ಇಷ್ಟು ವರ್ಷ ಹೇಳಿದ್ದು ಒಂದೂ ತಲೆಗೆ ಹೋಗಿಲ್ಲ."

ಅಕ್ಕ ಸ್ವಲ್ಪ ಯೋಚಿಸಿದಳು. "ಕೋಶಗಳು ಬೇಕಾಬಿಟ್ಟಿ ಹುಟ್ಟಿ ಹುಟ್ಟಿ ಗಂಟಾಗುತ್ತವೆ. ಗಾಳಿ ತರೋದು ರಕ್ತ. ನಡುಮಧ್ಯಕ್ಕೆ ಅದು ಸರಿಯಾಗಿ ತಲುಪಲ್ಲ. ಅಲ್ಲಿರೋವಕ್ಕೆ ಉಸಿರುಗಟ್ಟುತ್ತೆ."

"ಆಫೀಸ್ ಹೊತ್ತಿನ ಬಸ್ಸಿನ ಹಾಗೆ. ಹಾಗಾದ್ರೆ ಸಾಯಬೇಕಲ್ಲ ಅವು?"

"ಕೆಲವು ಸಾಯ್ತವೆ. ಉಳಿದವು ಮೊಂಡು ಬೀಳ್ತವೆ. ಮೆಲ್ಲಗೆ ಬದುಕೋದು ಕಲೀತವೆ. ಬೇರೆ ಕಡೆ ಹೋಗೋಕೆ ದಾರಿ ನೋಡ್ತವೆ."

"ಒಳ್ಳೆ ನಿನ್ನ ಹಾಗೇ ಬಿಡು," ಎಂದು ತಮ್ಮ ನಕ್ಕ. ನಗುವಿಗೆ ಸದ್ದಿರಲಿಲ್ಲ, ಬರೀ ಉಸಿರು. ವಿಕಿರಣ ಕೊಡುತ್ತಾರಂತಲ್ಲ, ಆ ಮೊಂಡುಗಳೂ ಹೋಗುತ್ತವಾ ಎಂದು ಅವನು ಕೇಳಿಯಾನು ಎಂದು ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ವಿಕಿರಣಕ್ಕೆ ಕೊಲ್ಲುವ ಬಲ ಬರುವುದೇ ಆಮ್ಲಜನಕ ಹತ್ತಿರವಿದ್ದಾಗ; ಉಸಿರುಗಟ್ಟಿದ ಕೋಶಗಳ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಇದನ್ನು ಅವಳು ಎಷ್ಟು ಸಭೆಗಳಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿ ಹೇಳಿದ್ದಳೋ. ತಮ್ಮ "ಅಕ್ಕ, ಒಂದು ಮಾತು..." ಎಂದು ಬಾಯಿ ತೆಗೆದ. ಅವಳ ಮುಖ ನೋಡಿದ. "ಬೇಡ ಬಿಡು," ಎಂದು ಎದ್ದು, ಹೆಂಡತಿಯ ಕೈಯಿಂದ ಔಷಧಿ ಚೀಲ ಇಸಿದುಕೊಳ್ಳಲು ಹೋದ.

ಗಂಟಿನ ಒಂದು ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ವೈದ್ಯರು ಕೇಳಿದಾಗ ಅವನು ಹಿಂದೆಮುಂದೆ ನೋಡಲಿಲ್ಲ. "ನಮ್ಮಕ್ಕನಿಗೆ ಕೊಡೋದಾದ್ರೆ ಪೂರ್ತಿ ತಗೊಳ್ಳಿ," ಎಂದನಂತೆ. ಪ್ರಯೋಗಾಲಯಕ್ಕೆ ಹೆಸರಿಲ್ಲದೆ ಬರೀ ಸಂಖ್ಯೆ ಹೊತ್ತು ಬರುವ ಶೀಷೆ ಅದು. ಆದರೆ ಆ ಬೆಳಗ್ಗೆ ಬಂದದ್ದು ಅದೊಂದೇ. ಬೇರೆಯವರು ಮಾಡಲಿ ಬಿಡಿ ಎಂದರು ವಿಭಾಗದ ಹಿರಿಯರು. ಅಕ್ಕ ಕೇಳಲಿಲ್ಲ. ಗವಸಿನೊಳಗೆ ಕೈ ತೂರಿಸಿ, ಆ ಚೂರನ್ನು ಸಾಸಿವೆಗಿಂತ ಸಣ್ಣಗೆ ಕತ್ತರಿಸಿ, ತಟ್ಟೆಗೆ ಹಾಕಿ, ಗವಸಿನಿಂದ ಕೈ ತೆಗೆದಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಿಕಿರಣಕ್ಕೆ ಗಂಟು ಕರಗಿತು. ಕತ್ತು ಸುಟ್ಟು ಕರಿಕಾಗಿ, ಹಾಲು ಕೂಡ ಇಳಿಯದೆ ಅವನು ಅರ್ಧ ಆಳಾಗಿದ್ದರೂ ಮನೆಯಲ್ಲಿ ಎಲ್ಲರ ಮುಖದಲ್ಲೂ ಕಳೆ ಬಂತು. ನಾದಿನಿ, ತಮ್ಮನ ಹೆಂಡತಿ, ಅಕ್ಕನ ಕೈ ಹಿಡಿದುಕೊಂಡು "ಗೆದ್ವಿ ಅಲ್ವಾ ಅತ್ತಿಗೆ?" ಎಂದಳು. "ಹೂಂ" ಎನ್ನಲು ಅಕ್ಕನ ನಾಲಿಗೆ ಏಳಲಿಲ್ಲ, ತಲೆಯಾಡಿಸಿದಳು. ಹೊರಗಿನವು ಸತ್ತವು, ಸರಿ. ಒಳಗಿದ್ದ ಮೊಂಡುಗಳಿಗೆ ಈಗ ಜಾಗವೂ ಸಿಕ್ಕಿತು, ಗಾಳಿಯೂ ಸಿಕ್ಕಿತು. ಚಳಿ ಕಳೆಯುವ ಮೊದಲೇ ಅದೇ ಜಾಗದಲ್ಲಿ ಗಂಟು ಮತ್ತೆ ತಲೆ ಎತ್ತಿತು. ಆಮೇಲೆ ಶ್ವಾಸಕೋಶಕ್ಕೆ ಹೋಯಿತು. ಆಮೇಲೆ ಅವನು ಮಾತಾಡುವುದನ್ನು ಬಿಟ್ಟು, ಏನು ಬೇಕಾದರೂ ಟಿಕೆಟ್ ತೂತು ಮಾಡುವ ಹಾಗೆ ಬೆರಳು ಚಿವುಟಿ ತೋರಿಸಿ ಕೇಳುತ್ತಿದ್ದ. ಹೋಗುವಾಗ ಹೆಂಡತಿಯ ಕೈಯೂ ಅಕ್ಕನ ಕೈಯೂ ಅವನ ಎದೆಯ ಮೇಲೇ ಇದ್ದವು.

ಎಲ್ಲ ಮುಗಿದು, ಬಂದವರೆಲ್ಲ ಅವರವರ ದಾರಿ ಹಿಡಿದ ಎಷ್ಟೋ ದಿನಗಳ ಮೇಲೆ ಒಂದು ಮಧ್ಯಾಹ್ನ ನಾದಿನಿ ಅವನ ಅಂಗಿಗಳನ್ನು ಮಡಿಸುತ್ತ ಕೇಳಿದಳು: "ಅವತ್ತು ಒಂದು ಚೂರು ತಗೊಂಡ್ರಲ್ಲ ಅತ್ತಿಗೆ, ಅದೇನಾಯ್ತು?"

ಅಕ್ಕನಿಗೆ ಸುಳ್ಳು ಹೇಳಲಾಗಲಿಲ್ಲ. "ಬೆಳೀತಾ ಇದೆ."

ನಾದಿನಿಯ ಕೈ ಅಂಗಿಯ ಮೇಲೇ ನಿಂತಿತು. "ಅಂದ್ರೆ ಅವರದು... ಇನ್ನೂ ಜೀವ ಇದೆಯಾ?"

"ಅದಕ್ಕಿದೆ."

"ನಾನು ನೋಡಬೇಕು."

ಅಕ್ಕ ಬೇಡ ಎಂದಳು, ಹಟ ಮಾಡಬೇಡ ಎಂದಳು. ಕೊನೆಗೆ ವಿಭಾಗದ ಹಿರಿಯರ ಅನುಮತಿ ಕೇಳಿ ಕರೆದುಕೊಂಡು ಹೋದಳು. ನಾದಿನಿ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿಕೊಂಡು ಬಂದಿದ್ದಳು. ಗಂಡನನ್ನು ನೋಡಲು ವಾರ್ಡಿಗೆ ಬರುತ್ತಿದ್ದಳಲ್ಲ, ಹಾಗೇ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ತುಂಬ ಹೊತ್ತು ನೋಡಿದಳು. ಗಾಜಿನ ಮೇಲೆ ಚಪ್ಪಟೆಯಾಗಿ ಅಂಟಿಕೊಂಡ ಬೂದು ಚುಕ್ಕೆಗಳು. ಕೆಲವು ಗುಂಪು ಬಿಟ್ಟು ಕಾಲು ಚಾಚಿಕೊಂಡು ಒಂದು ಬದಿಗೆ ಹೊರಟಿದ್ದವು.

"ಇದರಲ್ಲಿ ಅವರು ಎಲ್ಲಿ?"

"ಇವು ಅವನಲ್ಲ," ಎಂದಳು ಅಕ್ಕ. "ಅವನಲ್ಲೇ ಹುಟ್ಟಿದ್ದು ನಿಜ. ಆದರೆ ಅವನನ್ನ ತಿಂದಿದ್ದು ಇವೇ."

ನಾದಿನಿ ಕಣ್ಣು ತೆಗೆದಳು. ಮುಖ ಕೆಂಡವಾಗಿತ್ತು. "ಉಂಡ ಮನೆಗೆ ಕನ್ನ ಹಾಕಿದವನ್ನ ನೀವು ಸಾಕ್ತಾ ಇದ್ದೀರಾ? ಅವರಿಗೆ ಒಂದು ಗುಟುಕು ಹಾಲು ಇಳೀತಿರಲಿಲ್ಲ. ಇವಕ್ಕೆ ದಿನಾ ಊಟ ಹಾಕ್ತೀರಾ? ಸಾಯ್ಲಿ! ಹಾಳಾಗಿ ಹೋಗ್ಲಿ!"

"ಇವು ಹೇಗೆ ಬದುಕ್ತವೆ ಅಂತ ಗೊತ್ತಾಗದೆ ಹೇಗಮ್ಮ ಸಾಯಿಸೋದು?"

ನಾದಿನಿ ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಸಲ ಆ ಪೆಟ್ಟಿಗೆಯ ಕಡೆ ನೋಡಿದಳು. ಅಲ್ಲಿಂದ ಮುಂದೆ ಫೋನ್ ಮಾಡಿದಾಗಲೆಲ್ಲ ಕ್ಷೇಮಸಮಾಚಾರ ಮುಗಿದ ಮೇಲೆ ದನಿ ತಗ್ಗಿಸಿ, "ಅವು ಹೇಗಿವೆ?" ಎಂದು ಕೇಳುವುದು ರೂಢಿಯಾಯಿತು.

ಅವು ಚೆನ್ನಾಗೇ ಇದ್ದವು, ಬೂಷ್ಟು ಹಿಡಿಯುವವರೆಗೆ. ಯಾರ ತಪ್ಪೆಂದು ಹೇಳಲು ಬರುವುದಿಲ್ಲ, ಪ್ರಯೋಗಾಲಯಗಳಲ್ಲಿ ಆಗುವಂಥದ್ದೇ. ಒಂದು ಸೋಮವಾರ ಬಂದು ನೋಡಿದರೆ ತಟ್ಟೆಗಳ ತುಂಬ ಹತ್ತಿಯಂಥ ಬಿಳಿ ಎಳೆಗಳು. ಅವುಗಳಲ್ಲೇ ಕೆಲವನ್ನು ಮೊದಲೇ ಹೆಪ್ಪುಗಟ್ಟಿಸಿ ಇಟ್ಟಿದ್ದ ಶೀಷೆಯನ್ನು ಹೊರಗೆ ತೆಗೆದು ಬಿಸಿ ಮಾಡಿದರೆ ಅದರಲ್ಲಿ ಒಂದು ಕೋಶವೂ ಕಣ್ಣು ಬಿಡಲಿಲ್ಲ. ವಿಕಿರಣಕ್ಕೇ ಜಗ್ಗದೆ ನಿಂತ ಜಾತಿ, ಕೊನೆಗೆ ಬ್ರೆಡ್ಡಿನ ಮೇಲೆ ಬರುವ ಬೂಷ್ಟಿಗೆ ಸೋತಿತ್ತು. ಅಕ್ಕ ತಾನೇ ತಟ್ಟೆಗಳಿಗೆ ಬ್ಲೀಚ್ ಸುರಿದಳು. ಅವುಗಳಿಂದ ತಿಳಿದದ್ದು ಇಷ್ಟೇ: ಆಮ್ಲಜನಕ ಕಡಿಮೆಯಾದ ಹಾಗೆಲ್ಲ ಅವು ಹುಟ್ಟುವುದನ್ನು ನಿಧಾನ ಮಾಡಿ ಹೊರಡುವುದನ್ನು ಹೆಚ್ಚು ಮಾಡುತ್ತಿದ್ದವು. ಬೇರೆಯವರ ಗಂಟುಗಳೂ ಅದನ್ನೇ ಹೇಳಿದ್ದವು. ಹೊಸದೇನಲ್ಲ.

ಫೋನಿನಲ್ಲಿ ಹೇಳಲು ಮನಸ್ಸಾಗದೆ ಅವಳು ರಜೆ ಹಾಕಿ ನಾದಿನಿಯ ಮನೆಗೇ ಹೋದಳು. ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದಳು. ನಾದಿನಿ ಒಲೆ ಆರಿಸಿದಳು. ನೆಲದ ಮೇಲೆ ಕೂತು, ಗಂಡ ಸತ್ತ ದಿನವೂ ಅಳದ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು.

"ನಾನೇ ಅತ್ತಿಗೆ, ನಾನೇ ಬಾಯಿ ಬಿಟ್ಟು ಸಾಯ್ಲಿ ಅಂದೆ..."

"ನಿನ್ನ ಬೈಗುಳಕ್ಕೆಲ್ಲ ಸಾಯೋ ಜಾತಿ ಅಲ್ಲ ಕಣೇ ಅದು," ಎಂದಳು ಅಕ್ಕ.

ನಾದಿನಿಗೆ ಅಳುವಿನ ನಡುವೆಯೇ ನಗು ಬಂತು. ಅದನ್ನು ನೋಡಿ ಅಕ್ಕನಿಗೂ ಬಂತು. ನಗುತ್ತ ನಗುತ್ತಲೇ ಅವಳಿಗೆ ತಡೆಯಲಾಗದೆ ಅಳು ಒತ್ತರಿಸಿ ಬಂದು, ನಾದಿನಿಯ ಪಕ್ಕ ಕುಸಿದು ಕೂತಳು. ಇಷ್ಟು ದಿನ ಆಸ್ಪತ್ರೆಯಲ್ಲಿ, ಮನೆಯಲ್ಲಿ, ಜನರ ಎದುರಲ್ಲಿ ಹಲ್ಲು ಕಚ್ಚಿ ಹಿಡಿದದ್ದೆಲ್ಲ ಆ ನೆಲದ ಮೇಲೆ ಹರಿದುಹೋಯಿತು. ಈಗ ನಾದಿನಿಯೇ ಅವಳ ಬೆನ್ನು ಸವರಬೇಕಾಯಿತು.

"ಇವತ್ತು ಇಲ್ಲೇ ಇದ್ದುಬಿಡಿ ಅತ್ತಿಗೆ," ಎಂದಳು.

ಅಕ್ಕ ಹೂಂ ಎಂದಳು.