ಚಿಗವ್ವನ ಮನೆಯ ದೊಡ್ಡ ಕಿಟಕಿ

ನಾನು ಜಮಖಂಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಪ್ಯಾರಿಸ್, ಟೋಕಿಯೊಗಳ ಬೀದಿ, ಕಟ್ಟಡಗಳ ಬಗ್ಗೆ ಓದುವುದು ನನ್ನ ಹುಚ್ಚು. ಆ ಊರುಗಳಿಗೆ ಕಾಲಿಟ್ಟವನಲ್ಲ. ಆದರೆ ಅಲ್ಲಿನ ಮನೆಗಳಿಗೆ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ನನ್ನನ್ನು ಕೇಳಿ ನೋಡಿ, ಗಂಟೆಗಟ್ಟಲೆ ಹೇಳುತ್ತೇನೆ. ಬನಹಟ್ಟಿಯಲ್ಲಿ ಸೀರೆ ನೇಯುವ ನಮ್ಮ ಚಿಗವ್ವನ, ಅಂದರೆ ಚಿಕ್ಕಮ್ಮನ, ಮನೆ ಯಾಕೆ ಕತ್ತಲು ಎಂದು ಮಾತ್ರ ಯಾರನ್ನೂ ಕೇಳಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಮಾಳಿಗೆ ಸೋರತೊಡಗಿತು. ರಿಪೇರಿಗೆ ನಾನೇ ಮುಂದಾಳಾದೆ. ಮಗ್ಗದ ಕೋಣೆಯ ಪಡುವಣ ಗೋಡೆ ಒಡೆಸಿ ಆಳೆತ್ತರದ ಗಾಜಿನ ಕಿಟಕಿ ಇಡಿಸಿದೆ. ಸದಾ ತಂಪಾಗಿರುತ್ತಿದ್ದ ಮಣ್ಣಿನ ನೆಲಕ್ಕೆ ಟೈಲ್ಸ್ ಹಾಕಿಸಿದೆ. ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೂ ಸಿಮೆಂಟು ಬಳಿಸಿದೆ.

"ನೂಲಿಗೆ ತಂಪು ಬೇಕಪಾ. ಒಣಗಿದ್ರ ಹರೀತೈತಿ," ಎಂದಳು ಚಿಗವ್ವ.

"ಇನ್ನೂ ಎಷ್ಟ ದಿನ ಕತ್ತಲಾಗ ಕೂಡ್ತಿ ಬೇ? ಜಗತ್ತು ಎಲ್ಲಿಗಿ ಹೋಗೇತಿ ನೋಡು," ಎಂದು ಬಾಯಿ ಮುಚ್ಚಿಸಿದೆ. ಓದಿದವನು ಹೇಳುತ್ತಾನೆಂದು ಅವಳು ಒಪ್ಪಿಕೊಂಡಳು. ನನ್ನದು ಬರೀ ಪುಸ್ತಕದ ಬದನೆಕಾಯಿ ಎನ್ನುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊದಲ ಬೇಸಿಗೆಯಲ್ಲೇ ಮಗ್ಗದ ಉದ್ದಕ್ಕೂ ಬಿಗಿದ ಹಾಸಿನ ಎಳೆಗಳು ಪಟಪಟ ಹರಿಯತೊಡಗಿದವು. ಮೂರು ದಿನಕ್ಕೆ ಮುಗಿಯುತ್ತಿದ್ದ ಸೀರೆ ವಾರವಾದರೂ ಮಗ್ಗದಿಂದ ಇಳಿಯದು. ಚಿಗವ್ವ ಕಿಟಕಿಗೆ ಒದ್ದೆ ಗೋಣಿತಟ್ಟು ಕಟ್ಟಿ, ಮತ್ತೆ ಮತ್ತೆ ನೀರು ಚಿಮುಕಿಸುತ್ತ ನೇಯ್ದಳು. ನಾನು ಕಂಡೂ ಕಾಣದಂತೆ ಇದ್ದೆ.

ಕಳೆದ ಏಪ್ರಿಲ್‌ನಲ್ಲಿ ಇಬ್ಬರು ಸಹೋದ್ಯೋಗಿಗಳನ್ನು ಆ ಕಿಟಕಿ ತೋರಿಸಲು ಕರೆದೊಯ್ದೆ. ಅಷ್ಟು ಬಡಾಯಿ ಕೊಚ್ಚಿದ್ದೆ. ಮಗ್ಗದ ಮೇಲೆ ಮುಧೋಳದ ಮದುವಣಗಿತ್ತಿಯೊಬ್ಬಳ ಸೀರೆ ಇತ್ತು. ಮರುದಿನ ಸಂಜೆಯೊಳಗೆ ಕೊಡಬೇಕಿತ್ತು. ಅದು ನನಗೆ ಗೊತ್ತಿತ್ತು. ನಮ್ಮ ಬೈಕು ಬಾಗಿಲಲ್ಲಿ ನಿಂತದ್ದೇ ತಡ, ಚಿಗವ್ವ ಕುಣಿಯಿಂದೆದ್ದು ಕಿಟಕಿಯ ಗೋಣಿತಟ್ಟು ಕಿತ್ತಳು. ಗೆಳೆಯರಿಗಿಂತ ಮುಂಚೆ ನಾನು ಒಳಗೆ ಬಂದಾಗ, ನೀರಿಳಿಯುತ್ತಿದ್ದ ಅದನ್ನು ನನ್ನ ಕೈಗೆ ತುರುಕಿ, "ಲಗೂನ ಒಳಗ ಮುಚ್ಚಿಡು, ಮಂದಿ ಬಂದಾರ," ಎಂದು ಪಿಸುಗುಟ್ಟಿದಳು. ಒಯ್ದು ಅಡುಗೆಮನೆಯಲ್ಲಿ ಮುಚ್ಚಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಆಗ ನನಗೆ ನೆಮ್ಮದಿಯೇ ಆಯಿತು.

"ನಮ್ಮ ಹುಡುಗ ಮಾಡಿಸ್ಯಾನ್ರಿ. ಭಾಳ ಛಲೋ ಆಗೇತಿ," ಎಂದು ಬಂದವರಿಗೆ ಹೇಳಿ ಅವಳು ಮತ್ತೆ ಮಗ್ಗಕ್ಕೆ ಕೂತಳು.

ಕಿಟಕಿಯ ಬಿಸಿಲಿನಲ್ಲಿ ನಿಂತು, ಬೆಳಕೆಂದರೆ ಮನುಷ್ಯನ ಘನತೆ ಎಂದು ನಾನು ಶುರುಮಾಡಿದೆ. ಒಂದು ಎಳೆ ಹರಿಯಿತು. ಚಿಗವ್ವ ತಲೆ ಬಗ್ಗಿಸಿ ಗಂಟು ಹಾಕಿದಳು. ಮತ್ತೊಂದು ಹರಿಯಿತು. ಅವಳು ನನ್ನ ಕಡೆ ನೋಡಲಿಲ್ಲ, ನಾನು ಮಾತು ನಿಲ್ಲಿಸಲಿಲ್ಲ.