ನನ್ನ ಹಿತ್ತಿಲ ಮಣ್ಣು, ಪಕ್ಕದ ಮನೆಯ ಬೆಕ್ಕುಗಳು

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ನಾಲ್ಕು ವರ್ಷದ ಹಿಂದಿನ ಮಾತು. ಚಳಿಗಾಲದ ಒಂದು ಮುಂಜಾನೆ ಮೆಂತೆ ಕೀಳಲು ಹಿತ್ತಿಲಿಗೆ ಹೋಗಿ ಪಾತಿಯೊಳಗೆ ಕೈ ಹಾಕಿದೆ. ಕೈಗೆ ಮೆತ್ತಗೆ ಏನೋ ಹತ್ತಿತು. ಮೂಸಿ ನೋಡುವ ಅಗತ್ಯ ಬೀಳಲಿಲ್ಲ. ಬೆಕ್ಕಿನ ಹೇಲಿನ ನಾತ ತಾನಾಗಿಯೇ ಮೂಗಿಗೆ ಬರುತ್ತದೆ.

ಹೀಗೆ ಬರೆದರೆ ಸೊಸೆ ಮುಖ ಕಿವುಚುತ್ತಾಳೆ. ನಾನು ಶಾಲೆ ಕಲಿತದ್ದು ಎರಡನೇ ಇಯತ್ತೆ. ಅದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ನನ್ನ ತವರು ಜೇವರ್ಗಿ ಕಡೆ. ಮಗಳನ್ನು ಕೊಟ್ಟದ್ದು ಅಫಜಲಪುರದ ಕಡೆ ಹವಳಗಾಕ್ಕೆ. ನಾನಿರುವುದು ಆಳಂದದಲ್ಲಿ, ಮಗ ಸೊಸೆಯ ಜೊತೆ. ಮಗನದು ಪಂಪಸೆಟ್ಟಿನ ಸಾಮಾನಿನ ಅಂಗಡಿ. ಮನೆಯ ಹಿಂದೆ ನಾಲ್ಕು ಹೊರಸು ಹಾಕಿ ಮಲಗುವಷ್ಟು ಮಣ್ಣಿನ ಜಾಗ ಇದೆ. ಅಲ್ಲಿ ಒಂದು ಬಿಲ್ವಪತ್ರಿ ಗಿಡ, ಒಂದು ಕಣಗಿಲೆ, ಉಳಿದದ್ದೆಲ್ಲ ಮೆಂತೆ, ರಾಜಗಿರಿ, ಕೊತ್ತಂಬರಿ, ಪುಂಡಿ. ಅಡುಗೆಮನೆ ಸೊಸೆಯದು. ಪಡಸಾಲೆ ಟಿವಿಯದು. ನನಗೆ ಸುಮ್ಮನೆ ಕೂಡಲು ಬರುವುದಿಲ್ಲ, ಕೂತರೆ ಕಾಲು ಜೋಮು ಹಿಡಿಯುತ್ತದೆ, ತಲೆ ಕೆಡುತ್ತದೆ. ಖುರ್ಪಿ ಹಿಡಿದು ಆ ಮಣ್ಣು ಕೆದರುತ್ತಿದ್ದರೆ ಮಾತ್ರ ಹೊತ್ತು ಹೋಗುತ್ತದೆ. ಅಲ್ಲಿ ನನಗೆ ಹಾಗೆ ಮಾಡಬ್ಯಾಡ, ಹೀಗೆ ಮಾಡಬ್ಯಾಡ ಎನ್ನುವವರಿಲ್ಲ.

ಬೆಕ್ಕುಗಳು ಪಕ್ಕದ ಮನೆಯವು. ಗೋಡೆಯ ಆಚೆ ಮುಸಲ್ಮಾನರ ಮನೆ. ಆ ಮನೆಯ ಹೆಂಗಸು ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವಳು. ನಾನು ಅವಳನ್ನು ಬೀಬಿ ಅನ್ನುತ್ತೇನೆ, ಅವಳು ನನ್ನನ್ನು ಆಯಿ ಅನ್ನುತ್ತಾಳೆ. ಅವಳ ಬೆಕ್ಕುಗಳು ಮೂರು. ಮೊದಲೂ ಇದ್ದವು, ಒಂದು ದಿನವೂ ನಮ್ಮ ಕಡೆ ಬಂದಿರಲಿಲ್ಲ. ಆ ವರ್ಷ ಬರತೊಡಗಿದವು.

ಹೇಲು ಕಂಡ ಕೂಡಲೇ ತೆಗೆದು ಎಸೆದೆ. ಆ ಜಾಗಕ್ಕೆ ಬೂದಿ ಹಾಕಿದೆ. ಮನೆಯಲ್ಲಿ ಗ್ಯಾಸ್ ಇದ್ದರೂ ಸ್ನಾನದ ನೀರು ನಾನು ಒಲೆಯ ಮೇಲೆಯೇ ಕಾಯಿಸುವುದು. ಮಾದನಹಿಪ್ಪರಗಾದ ನಮ್ಮ ಹೊಲದಿಂದ ತೊಗರಿ ಕಟ್ಟಿಗೆ ಬರುತ್ತದೆ, ಬೂದಿಗೆ ಬರವಿಲ್ಲ. ಲಿಂಗ ಕಟ್ಟಿಕೊಂಡ ನಮಗೆ ಬೂದಿಗಿಂತ ಶುದ್ಧವಾದದ್ದು ಇಲ್ಲ. ಏನೇ ಹೊಲಸಾದರೂ ಬೂದಿ ಬಿತ್ತೆಂದರೆ ತೀರಿತು. ಅದಕ್ಕೇ ಜರಡಿ ಹಿಡಿದು, ಕಲ್ಲು ಕಟ್ಟಿಗೆ ಚೂರು ತೆಗೆದು, ಮೈಗೆ ಹಚ್ಚಬಹುದಾದಷ್ಟು ನುಣ್ಣಗೆ ಮಾಡಿ ಹಾಕಿದೆ. ಮರುದಿನ ಅದೇ ಜಾಗದಲ್ಲಿ ಮತ್ತೆ. ಮತ್ತೆ ತೆಗೆದೆ, ಮತ್ತೆ ಬೂದಿ ಹಾಕಿದೆ. ಆಮೇಲೆ ಕೊತ್ತಂಬರಿಯ ಕಡೆಗೂ. ಅಲ್ಲಿಗೂ ಬೂದಿ.

ಒಂದು ಸೋಮವಾರ ಅಯ್ಯನವರು ಪೂಜೆಗೆ ಬರುವವರಿದ್ದರು. ಸೊಸೆ ಪತ್ರಿ ಹರಿಯಲು ಹೋದವಳು ಕಾಲು ಎತ್ತಿ ಕುಂಟುತ್ತಾ ಬಂದಳು.

"ಅತ್ತಿ, ಪತ್ರಿ ಗಿಡದ ಬುಡಕ್ಕೇ ಕುಂತು ಹೋಗ್ಯಾವ. ಇದನ್ನ ಲಿಂಗಕ್ಕ ಹ್ಯಾಂಗ ಏರಸ್ಬೇಕ್ರಿ?"

"ಪತ್ರಿ ಮ್ಯಾಲ ಅದ, ಹೇಲ ಕೆಳಗ ಅದ. ಮ್ಯಾಲಿಂದು ಹರಿ."

"ನಂಗಾಗಲ್ರಿ. ನೀವ ಹರೀರಿ, ನೀವ ಏರಸ್ರಿ."

ಅಂದು ಸಂಜೆ ಮಗ ಲಗೇಜ್ ಆಟೋದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ತಂದು ಗೋಡೆಗೆ ಆನಿಸಿ ನಿಲ್ಲಿಸಿದ.

"ಯವ್ವಾ, ಮುಂದಿನ ಸೋಮವಾರ ಗೌಂಡಿ ಬರ್ತಾನ. ಹಿತ್ತಲ ತುಂಬ ಪರಸಿ ಹೊಡಿಸಿಬಿಡ್ತೀನಿ. ನೀರ್ ಹಾಕಿದ್ರ ಚಕಾಚಕ್."

"ಪಲ್ಯಾ ಎಲ್ಲಿ ಬೆಳೀಲಿ, ನಿನ್ನ ತಲಿ ಮ್ಯಾಲ?"

"ಕುಂಡಾ ತಂದ್ ಕೊಡ್ತೀನಿ ತಗೋ."

"ನಿಮ್ಮಪ್ಪ ಕುಂಡದಾಗ ಬೆಳದ ಪುಂಡಿ ತಿಂದಿದ್ದನೇನಲೇ? ಮನಿ ಮುಂದ ನಳದ ನೀರು ನಿಂತು ಕೆಸರಾಗೇದ, ಅಲ್ಲಿ ಹಾಕ್ಸು ಹೋಗು."

"ಅದನ್ನ ಆಮ್ಯಾಲ ನೋಡಮು. ಮೊದಲು ಈ ಗಲೀಜು ಬಂದ್ ಆಗ್ಲಿ."

ಅವನು ಕೆಟ್ಟವನಲ್ಲ. ಆದರೆ ಒಮ್ಮೆ ಕಲ್ಲು ತಂದನೆಂದರೆ ಹಾಕಿಸಿಯೇ ತೀರುವವನು. ನನಗೆ ಇದ್ದದ್ದು ಒಂದು ವಾರ. ಅಷ್ಟರಲ್ಲಿ ಬೆಕ್ಕು ನಿಲ್ಲಬೇಕು, ಇಲ್ಲವಾದರೆ ಮಣ್ಣು ಹೋಗುತ್ತದೆ.

ಆ ವಾರ ನಾನು ಒಂದು ಕಡೆ ನಿಂತವಳಲ್ಲ. ಗೋಡೆಯ ಮೇಲೆ ಎಲೆ ಅಲುಗಿದರೂ ಎದ್ದು ಓಡುತ್ತಿದ್ದೆ. ರೊಟ್ಟಿ ಮುರಿದು ಬಾಯಿಗೆ ಇಡುವಷ್ಟರಲ್ಲಿ ಏನೋ ಧಪ್ ಎನ್ನುತ್ತಿತ್ತು. ತುತ್ತು ಬಿಟ್ಟು ಹೋಗಿ ನೋಡಿದರೆ ಪತ್ರಿ ಗಿಡದ ಕಾಯಿ ಬಿದ್ದಿರುತ್ತಿತ್ತು. ಬರುವಷ್ಟರಲ್ಲಿ ಪಲ್ಯ ಆರಿರುತ್ತಿತ್ತು. ಯಾರೋ ಹೇಳಿದರೆಂದು ನೀಲಿ ನೀರಿನ ಬಾಟಲಿ ಸಾಲಾಗಿ ಇಟ್ಟೆ. ಬೆಕ್ಕು ಬಾಟಲಿಗೆ ಮೈ ತಿಕ್ಕಿಕೊಂಡು ಒಳಗೆ ಹೋಯಿತು. ಖಾರದ ಪುಡಿ ಉದುರಿಸಿದೆ. ಗಾಳಿ ತಿರುಗಿ ನನ್ನ ಕಣ್ಣಿಗೇ ಬಂತು, ಅರ್ಧ ತಾಸು ನಳದ ಕೆಳಗೆ ಮುಖ ಹಿಡಿದು ಕೂತೆ. ಚಪ್ಪಲಿ ಎಸೆದೆ. ಚಪ್ಪಲಿ ಗೋಡೆಯಾಚೆ ಬಿತ್ತು. ಬೀಬಿ ಅದನ್ನು ತೊಳೆದು ವಾಪಸು ಕೊಟ್ಟು ಕಳಿಸಿದಳು. ಅದು ಇನ್ನೂ ಸಿಟ್ಟು ತಂದಿತು. ಪ್ರತಿ ಸಲವೂ ತೆಗೆಯುವುದು, ಹೊಸ ಬೂದಿ ಹಾಕುವುದು ಮಾತ್ರ ತಪ್ಪಲಿಲ್ಲ.

ಭಾನುವಾರ ಮಧ್ಯಾಹ್ನಕ್ಕೆ ತಡೆಯಲಾಗಲಿಲ್ಲ. ಅವತ್ತಿನದನ್ನು ಮೊರದ ತುಂಡಿನಲ್ಲಿ ಎತ್ತಿಕೊಂಡು ನೆಟ್ಟಗೆ ಅವರ ಮನೆಯ ಬಾಗಿಲಿಗೆ ಹೋದೆ.

"ಬೀಬಿ, ನಿಮ್ಮ ಮನಿ ಸಾಮಾನು ನಮ್ಮ ಮನ್ಯಾಗ ಉಳದಿತ್ತು. ತಗೋ ಬೇ."

ಅವಳು ನೋಡಿ ಮೂಗಿಗೆ ಸೆರಗು ಹಿಡಿದಳು. "ಹಾಯ್ ಅಲ್ಲಾ! ಆಯಿ, ಇದನ್ನ ಕೈಯಾಗ ಹಿಡಕೊಂಡು ಓಣ್ಯಾಗ ಬಂದ್ರ್ಯಾ?"

"ನಿಮ್ಮ ಬೆಕ್ಕು ನಾಚಲ್ದು, ನಾ ಯಾಕ ನಾಚ್ಲಿ? ಕಟ್ಟಿ ಹಾಕು ಅವನ್ನ."

"ಬೆಕ್ಕಿಗಿ ಹಗ್ಗ ಕಟ್ಟಿದ್ದು ನೀವೆಲ್ಲರ ನೋಡೀರೇನ್ರಿ? ಅದೇನ್ ಎಮ್ಮಿ ಅದ ಏನು? ನಮ್ಮಲ್ಲಿ ಬೆಕ್ಕಂದ್ರ ಪಾಕ್ ಜಾನವರ, ಶುದ್ಧ ಅಂತಾರ. ಹೊಡ್ಯಾಕ ಮನಸ್ಸಾಗಲ್ದು."

"ಪಾಕ್ ಇದ್ರ ನಿಮ್ಮ ಅಂಗಳದಾಗ ಕುಂಡ್ರಸ್ಕೋ. ನನ್ನ ಮೆಂತಿ ಮ್ಯಾಲ ಯಾಕ?"

"ಒಳಗ ಬರ್ರಿ ಇಲ್ಲಿ. ನೋಡಿ ಹೇಳ್ರಿ, ಎಲ್ಲಿ ಕುಂಡ್ರಸ್ಲಿ?"

ಹೋಗಿ ನೋಡಿದೆ. ಹಿಂದೆ ಅವಳ ಅಂಗಳವೂ ಮಣ್ಣೇ ಇತ್ತು, ಕೋಳಿ ಓಡಾಡುತ್ತಿದ್ದವು. ಈಗ ಈ ಗೋಡೆಯಿಂದ ಆ ಗೋಡೆಯವರೆಗೆ ಪರಸಿ. ಸಂದಿಗಳಿಗೆ ಸಿಮೆಂಟು. ಬಿಸಿಲಿಗೆ ಕಾಲು ಸುಡುತ್ತಿತ್ತು. ಬೆರಳು ಊರುವಷ್ಟು ಮಣ್ಣಿಲ್ಲ. ಅವಳ ಆಚೆ ಮನೆಯದೂ ಪರಸಿ, ಅದರಾಚೆಯದೂ. ಓಣಿಯಲ್ಲಿ ಮಣ್ಣು ಉಳಿದದ್ದು ನಮ್ಮ ಹಿತ್ತಿಲಲ್ಲಿ ಮಾತ್ರ. ಬೆಕ್ಕು ಎಲ್ಲಿಗೆ ಹೋಗುತ್ತದೆ?

"ಒಂದು ಕಲ್ಲು ಕಿತ್ತಿಡು," ಎಂದೆ.

"ನಮ್ಮ ಮನ್ಯಾಗಿನವ್ರು ಮೊದಲು ನನ್ನ ಕಿತ್ತು ಹೊರಗ ಹಾಕ್ತಾರ. ಈಗ ಹೊಡಿಸ್ಯಾರ್ರಿ ಆಯಿ, ಬರೋ ರಮಜಾನಿಗಂತ."

ನಾನು ತಿರುಗಿ ಹೊರಟೆ. ಅವಳೂ ಹಿಂದೆ ಬಂದಳು, ನಮ್ಮ ಪಾತಿ ನೋಡುತ್ತೇನೆಂದು. ನೋಡಿದವಳೇ ಬಾಯಿಗೆ ಕೈ ಇಟ್ಟಳು. ನಗು ತಡೆಯಲು ಆಗದೆ ಪತ್ರಿ ಗಿಡ ಹಿಡಿದು ನಿಂತಳು.

"ಏನಾತು?"

"ಇದೇನ್ರಿ ಆಯಿ, ಇಷ್ಟು ಬೂದಿ? ಜರಡಿ ಹಿಡದೀರೇನು?"

"ಹೂಂ. ದಿನಾ ಹಾಕ್ತೀನಿ. ಹೊಲಸು ಆದಲ್ಲೆಲ್ಲ."

"ಬೆಕ್ಕಿಗಿ ಇದಾ ಬೇಕಾಗ್ತದ್ರಿ! ಮೆತ್ತಗ, ಒಣಗಿಂದು, ಕಾಲಿಲೆ ಕೆದರಿ ಮುಚ್ಚಾಕ ಬರಾದು. ನಾವು ಮರಿ ಇದ್ದಾಗ ಬುಟ್ಟ್ಯಾಗ ಬೂದಿ ಹಾಕೇ ರೂಢಿ ಮಾಡಸ್ತಿದ್ವಿ. ಗಾದಿ ಹಾಸಿ ಕರದೀರಿ, ಮತ್ತ ಬಂದಾವಂತ ಚಪ್ಪಲಿ ಒಗೀತೀರಿ!"

ನಾನು ಪಾತಿ ನೋಡಿದೆ. ಅವಳು ಹೇಳಿದ್ದು ಖರೆ. ಎಲ್ಲೆಲ್ಲಿ ಬೂದಿ ಬಿದ್ದಿತ್ತೋ ಅಲ್ಲಲ್ಲೇ ಕೆದರಿದ ಗುರುತು. ಬೂದಿ ಇಲ್ಲದ ಪುಂಡಿಯ ಕಡೆ ಒಂದು ಉಗುರು ಗೀರೂ ಇಲ್ಲ. ಶುದ್ಧ ಮಾಡುತ್ತೇನೆಂದು ನಾನು ಇಷ್ಟು ದಿನ ಬೆಕ್ಕಿಗೆ ಪಾಯಖಾನೆ ಕಟ್ಟಿಕೊಟ್ಟಿದ್ದೆ.

"ನಗಬ್ಯಾಡ," ಎಂದೆ. "ನಿಮ್ಮ ಮನ್ಯಾಗ ಹಳೀ ಬುಟ್ಟಿ ಅದ ಏನು?"

"ತಗಡಿಂದು ಒಂದದ. ಬೂದಿ ಇಲ್ರಿ, ನಮ್ದು ಈಗ ಎಲ್ಲಾ ಗ್ಯಾಸ್."

"ಬೂದಿ ನಾ ಕೊಡ್ತೀನಿ. ಹೇಲು ನೀ ಒಗಿ."

"ಹಾಂ, ಇದು ಹಿಸಾಬು!"

ಅಂದು ಸಂಜೆಯವರೆಗೆ ಪಾತಿಯ ಮೇಲಿನ ಬೂದಿ ಎಲ್ಲ ಬಳಿದು ತೆಗೆದೆ. ನೀರು ಹೊಡೆದು ಮಣ್ಣು ಹಸಿ ಮಾಡಿದೆ. ತೊಗರಿ ಕಟ್ಟಿಗೆ ಮುರಿದು, ಚೂಪು ಮೇಲೆ ಮಾಡಿ, ಸಸಿಗಳ ನಡುವೆ ಅಡ್ಡಾದಿಡ್ಡಿ ಚುಚ್ಚಿದೆ. ಅಂಗೈ ತುಂಬ ಸಿಬಿರು. ಬಳಿದ ಬೂದಿಯನ್ನು ಗೋಡೆಯ ಮೇಲಿಂದಲೇ ಬೀಬಿಯ ಬುಟ್ಟಿಗೆ ಸುರಿದೆ. ಮಗ ಅಂಗಡಿಯಿಂದ ಬಂದವನು ನಿಂತು ನೋಡಿದ.

"ಯವ್ವಾ, ಗೌಂಡಿಗಿ ಮಾತು ಕೊಟ್ಟೀನಿ. ಅಂವ ಬರಾಂವಾ ಅಂದ್ರ ಬರಾಂವಾ."

"ಬರ್ಲಿ."

"ಮತ್ತ ಈ ಮುಳ್ಳು ಯಾಕ ಚುಚ್ಚಾಕತ್ತಿ?"

"ನನ್ನ ಕೈ, ನನ್ನ ಮುಳ್ಳು. ನೀ ಉಣ್ಣು ಹೋಗು."

ಮಲಗಿದೆ, ನಿದ್ದೆ ಎಲ್ಲಿಯದು. ಒಂದು ಸಲ ಬೆಕ್ಕು, ಒಂದು ಸಲ ಗೌಂಡಿ ತಲೆಯೊಳಗೆ ಬರುತ್ತಿದ್ದ.

ಮರುದಿನ ಬೆಳಕು ಹರಿಯುತ್ತಲೇ ಹೋಗಿ ನೋಡಿದೆ. ಮೆಂತೆ ಚೊಕ್ಕ. ರಾಜಗಿರಿ ಚೊಕ್ಕ. ಪತ್ರಿಯ ಬುಡ ಚೊಕ್ಕ. ಕೊತ್ತಂಬರಿಯ ಮೂಲೆಯಲ್ಲಿ, ಕಟ್ಟಿಗೆ ಸಾಲದೆ ಬಿಟ್ಟ ಒಂದು ಗೇಣು ಜಾಗದಲ್ಲಿ ಮಾತ್ರ ಒಂದು ಇತ್ತು. ಗೋಡೆಯಾಚೆ ಇಣುಕಿದೆ. ಬೀಬಿ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು.

"ಎರಡು ಕುಂತಾವ್ರಿ ಆಯಿ! ಆ ದೊಡ್ಡದು ಇನ್ನೊಬ್ರ ಬುಟ್ಟ್ಯಾಗ ಕೂಡಲ್ದು, ಅದಕ್ಕ ಬ್ಯಾರೇನೇ ಬೇಕು."

ಅಷ್ಟರಲ್ಲಿ ಗೌಂಡಿ ಬಂದ. ಮಗ ಸಾಮಾನು ಇಳಿಸಿಕೊಳ್ಳಲು ಆಗಲೇ ಅಂಗಡಿಗೆ ಹೋಗಿದ್ದ. ಗೌಂಡಿಯ ತಲೆಯ ಮೇಲೆ ಎರಡು ಬುಟ್ಟಿ, ಒಂದರ ಅಂಚು ಹರಿದಿತ್ತು. ಹರಿದದ್ದನ್ನು ಇಸಿದುಕೊಂಡೆ.

"ಇದ್ಯಾಕ್ರಿ ಅವ್ವಾರ?"

"ಬೆಕ್ಕಿಗಿ. ನೀ ಕಲ್ಲು ಎತ್ತು. ಮನಿ ಮುಂದ ಹಾಕಾದು, ನಳದ ಹಂತ್ಯಾಕ, ಕೆಸರು ಇದ್ದಲ್ಲಿ."

"ಸಾಹುಕಾರ್ರು ಹಿತ್ತಲದಾಗ ಅಂದಿದ್ರು."

"ಸಾಹುಕಾರನ್ನ ಹಡದಾಕಿ ನಾ ಹೇಳಾಕತ್ತೀನಿ. ಎತ್ತು."

ಅವನು ಒಂದೊಂದೇ ಕಲ್ಲು ಮುಂದಕ್ಕೆ ಹೊತ್ತ. ಸೊಸೆ ಬಾಗಿಲಲ್ಲಿ ನಿಂತು ಕೆಸರು ನೋಡಿದಳು, ಕಲ್ಲು ನೋಡಿದಳು, ಗೌಂಡಿಗೆ ಚಹಾ ಇಟ್ಟಳು. ತಂದ ಕಲ್ಲೆಲ್ಲ ಅಲ್ಲಿಗೇ ತೀರಿದವು. ನಾನು ಹಿತ್ತಿಲಿಗೆ ಹೋಗಿ, ಕೊತ್ತಂಬರಿ ಮೂಲೆಯದನ್ನು ತೆಗೆದು, ಅಲ್ಲಿ ಬೂದಿ ಹಾಕದೆ ನೀರು ಹೊಡೆದು ಕಟ್ಟಿಗೆ ಚುಚ್ಚಿದೆ. ಆಮೇಲೆ ಒಲೆ ಮುಂದೆ ಕೂತು ಹರಿದ ಬುಟ್ಟಿಗೆ ಬೂದಿ ಜರಡಿ ಹಿಡಿದೆ.